ಸುಮಿತ್ರಮ್ಮ ಯಾವ ಪಾಳೆಯದವಳು

ಶ್ರಾವಣ ಹುಟ್ಟಿದ ಮೊದಲ ಬುಧವಾರ ಸಂಜೆ, ಜಾವಗಲ್ಲಿನ ಶಾಲೆಯಲ್ಲಿ ಪಾಠ ಮುಗಿಸಿಕೊಂಡು ಬಂದ ನನ್ನ ಸೊಸೆ ಶಿಲ್ಪಾ, ಕಾಫಿ ಕೂಡ ಕುಡಿಯದೆ, ನನ್ನ ಹೆಂಡತಿಯ ಟ್ಯಾಬನ್ನು ತಂದು ನನ್ನ ಮುಂದೆ ಇಟ್ಟಳು.

"ಮಾವ, ಅತ್ತೆಗೆ ನೋಟೀಸು ಬಂದಿದೆ."

ನನ್ನ ಹೆಂಡತಿ ಸುಮಿತ್ರಮ್ಮ ಕಳೆದ ಕಾರ್ತಿಕದಲ್ಲಿ ಲಿಂಗೈಕ್ಯಳಾದಳು. ಒಂಬತ್ತು ತಿಂಗಳಾದ ಮೇಲೆ ಅವಳಿಗೆ ನೋಟೀಸು ಕಳಿಸುವಂಥ ಅವಸರ ಯಾರಿಗಿದೆ ಎಂದು ನನಗೆ ಸ್ವಲ್ಪ ಸಿಟ್ಟೇ ಬಂತು.

"ಯಾವ ಆಫೀಸಿನವರಮ್ಮ?"

"ಆಫೀಸಿನವರಲ್ಲ ಮಾವ. ಆಟದವರು."

ಆಟದ ವಿಷಯ ಹೇಳಬೇಕು. ನಾಲ್ಕು ವರ್ಷದ ಹಿಂದೆ ಸುಮಿತ್ರಮ್ಮನಿಗೆ ಮಂಡಿ ಆಪರೇಷನ್ ಆಗಿ ಮೂರು ತಿಂಗಳು ಮಂಚ ಹಿಡಿಯಬೇಕಾಯಿತು. ಹೊತ್ತು ಹೋಗಲೆಂದು ಶಿಲ್ಪಾ ಟ್ಯಾಬಿನಲ್ಲಿ ಒಂದು ಆಟ ಹಾಕಿಕೊಟ್ಟಳು. ಅದಕ್ಕೆ ಏನೋ ಉದ್ದವಾದ ಇಂಗ್ಲಿಷ್ ಹೆಸರಿದೆ. ನಮ್ಮ ಮನೆಯಲ್ಲಿ ಕೋಟೆ ಆಟ ಎನ್ನುತ್ತಾರೆ. ಅದೊಂದು ಮಾಯೆಯ ನಾಡು. ಕಾಡು, ಬೆಟ್ಟ, ಕೋಟೆ, ರೆಕ್ಕೆ ಇರುವ ಹಂದಿ ಎಲ್ಲವೂ ಉಂಟು. ಎಲ್ಲೆಲ್ಲಿಯೋ ಕುಳಿತ ಸಾವಿರಾರು ಜನ ಒಂದೇ ಹೊತ್ತಿನಲ್ಲಿ ಅದರೊಳಗೆ ಓಡಾಡುತ್ತಾರೆ, ಹೊಡೆದಾಡುತ್ತಾರೆ, ಎದುರಿಗೆ ಸಿಕ್ಕವರೊಡನೆ ಮಾತಾಡುತ್ತಾರೆ. ಕನ್ನಡದವರಿಗೇ ಬೇರೆ ಒಂದು ಸೀಮೆ ಇದೆ. ಮಂಡಿ ವಾಸಿಯಾಯಿತು, ಆಟ ನಿಲ್ಲಲಿಲ್ಲ. ದಿನವೂ ಮಧ್ಯಾಹ್ನ ನಾನು ಉಂಡು ಒರಗಿದ ಮೇಲೆ ಅವಳು ಕನ್ನಡಕ ಹಾಕಿಕೊಂಡು ಕೂರುತ್ತಿದ್ದಳು. "ಏನೇ ಅದು?" ಎಂದರೆ, "ಏನೋ ಒಂದು, ನೀವು ಮಲಗ್ರಿ" ಎನ್ನುತ್ತಿದ್ದಳು. ನಾನು ಮಲಗುತ್ತಿದ್ದೆ. ಹಾಗೆ ಮೂರು ವರ್ಷ ಮಲಗಿದೆ.

ಶಿಲ್ಪಾ ನೋಟೀಸನ್ನು ಕನ್ನಡ ಮಾಡಿ ಹೇಳಿದಳು. ಆಟದ ಕಂಪನಿಯವರು ಕಟ್ಟುಪಾಡು ಬದಲಾಯಿಸಿದ್ದಾರೆ. ಆ ನಾಡಿನಲ್ಲಿ ಮೂರು ಪಾಳೆಯಗಳು: ಕಬ್ಬಿಣ, ಬೇರು, ಹದ್ದು. ಇಷ್ಟು ದಿನ ಯಾವ ಪಾಳೆಯಕ್ಕೂ ಸೇರದೆ ಓಡಾಡಬಹುದಾಗಿತ್ತು, ಸುಮಿತ್ರಮ್ಮ ಹಾಗೆಯೇ ಇದ್ದಳು. ಇನ್ನು ಮೇಲೆ ಆಗುವುದಿಲ್ಲ. ಭಾನುವಾರ ಸಂಜೆ ಐದು ಗಂಟೆಯೊಳಗೆ ಮೂರರಲ್ಲಿ ಒಂದಕ್ಕೆ ಪ್ರಮಾಣ ಮಾಡಬೇಕು. ಒಮ್ಮೆ ಮಾಡಿದರೆ ಬದಲಾಯಿಸುವ ಹಾಗಿಲ್ಲ. ಮಾಡದವರನ್ನು ಅಳಿಸಿಹಾಕುತ್ತಾರೆ.

"ಅಳಿಸಿಹಾಕುತ್ತಾರೆ ಅಂದರೆ?"

ಶಿಲ್ಪಾ ಟ್ಯಾಬನ್ನು ನನ್ನ ಕಡೆ ತಿರುಗಿಸಿದಳು. ಅದರಲ್ಲಿ ಒಬ್ಬ ಗಿಡ್ಡ, ದಪ್ಪ ಹೆಂಗಸು ನಿಂತಿದ್ದಳು. ಹಳದಿ ಶಾಲು, ಪಕ್ಕದಲ್ಲಿ ಒಂದು ಹಂಡೆ, ಕೈಯಲ್ಲಿ ಗದೆಯಷ್ಟು ದೊಡ್ಡ ಸೌಟು. ಹಣೆಯ ಮೇಲೆ ಮೂರು ಬಿಳಿ ಗೀರು. ಅದು ಯುದ್ಧಕ್ಕೆ ಹೋಗುವವರು ಹಚ್ಚಿಕೊಳ್ಳುವ ಬಣ್ಣವಂತೆ. ಇವಳು ವಿಭೂತಿ ಎಂದುಕೊಂಡು ಆರಿಸಿದ್ದಳು. ತಲೆಯ ಮೇಲೆ ‘ಸುಮಿತ್ರಮ್ಮ ಅರಸೀಕೆರೆ’ ಎಂದು ಹೆಸರು. ಉಸಿರಾಡುವವರ ಹಾಗೆ ಅವಳ ಭುಜ ಸ್ವಲ್ಪ ಏರಿ ಇಳಿಯುತ್ತಿತ್ತು.

"ಇವಳನ್ನ" ಎಂದಳು ಶಿಲ್ಪಾ.

ನಾನು ಶಾಲು ಸರಿಮಾಡಿಕೊಂಡು ಕುಳಿತೆ. "ಆಗದು. ಯಾವುದಕ್ಕಾದರೂ ಸೇರಿಸೋಣ."

ಅಷ್ಟು ಹೇಳಿದ್ದೇ ತಡ, ಮನೆಯಲ್ಲಿ ಚುನಾವಣೆ ಶುರುವಾಯಿತು. ನನ್ನ ಮಗ ಶಶಿಕಿರಣ ಬೇರಿನ ಪಾಳೆಯದವನು, ಅವನ ಹೆಂಡತಿ ಕಬ್ಬಿಣದವಳು. ಒಂದೇ ಸೂರಿನ ಕೆಳಗೆ ಎರಡು ಪಾಳೆಯವಿರುವುದು ನನಗೆ ಅಂದೇ ತಿಳಿದದ್ದು. ಹೆಚ್ಚಿನ ಹೆಂಡಿರಿಗೂ ಗಂಡಂದಿರಿಗೂ ಇರುವ ಜಗಳವೇ ಇವರದೂ ಎಂದು ಅದುವರೆಗೆ ತಿಳಿದಿದ್ದೆ.

"ಅಮ್ಮ ವೈದ್ಯೆ ಅಪ್ಪ" ಎಂದ ಶಶಿಕಿರಣ. "ಹಂಡೆಯಲ್ಲಿ ಕಷಾಯ ಕಾಯಿಸೋದು, ಗಾಯ ಆದವರ ಮೇಲೆ ಸೌಟಿನಲ್ಲಿ ಎರಚೋದು. ಇದೇ ಅಮ್ಮನ ಕೆಲಸ. ಗಿಡಮೂಲಿಕೆ ಎಲ್ಲಾ ನಮ್ಮ ಬೇರಿನ ಕಡೆನೇ ಇರೋದು. ಸಸ್ಯಾಹಾರ. ಶಾಂತಿ. ಇನ್ನೇನು ಯೋಚನೆ?"

"ಶಾಂತಿಯಂತೆ!" ಎಂದಳು ಶಿಲ್ಪಾ. "ಹೋದ ವಾರ ನಮ್ಮ ಸೇತುವೆ ಮೇಲೆ ಕರಡಿ ಬಿಟ್ಟವರು ಯಾರು?"

"ಅದು ತಾನಾಗಿ ಬಂದ ಕರಡಿ."

"ನಲವತ್ತು ಕರಡಿ ತಾನಾಗಿ ಬಂದವಾ? ಮಾವ, ಕಬ್ಬಿಣದ ಕಡೆ ಭದ್ರ. ನಿಯಮ ಇದೆ, ಕಾವಲು ಇದೆ. ಅತ್ತೆ ಆಡಿದ್ದಕ್ಕಿಂತ ಸೆರೆ ಸಿಕ್ಕಿದ್ದೇ ಹೆಚ್ಚು. ಅವರಿಗೆ ಭದ್ರವಾದ ಜಾಗ ಬೇಕು."

"ಹದ್ದಿನವರು?" ಎಂದೆ.

ಇಬ್ಬರೂ ಮೊದಲ ಸಲ ಒಂದೇ ಮಾತು ಹೇಳಿದರು. "ಕಳ್ಳರು."

ಊಟದ ಹೊತ್ತಿಗೆ ಶಶಿಕಿರಣ ಇಂಟರ್‌ನೆಟ್ಟಿನಿಂದ ಒಂದು ಹಾಳೆ ಮುದ್ರಿಸಿ ತಂದ. ಮೂರು ಪಾಳೆಯಗಳ ಬಲಾಬಲ, ಯಾರ ಕತ್ತಿ ಎಷ್ಟು ಚೂಪು, ಯಾರ ಕುದುರೆ ಎಷ್ಟು ವೇಗ, ಎಲ್ಲ ಚೌಕಚೌಕ ಹಾಕಿ ಬರೆದಿತ್ತು. ನಾನು ಐವತ್ತು ವರ್ಷದಿಂದ ಕೊಬ್ಬರಿ ವ್ಯಾಪಾರ ಮಾಡಿಕೊಂಡು ಬಂದವನು. ಚೀಲದ ಬಾಯಿಯಲ್ಲಿ ಜೋಡಿಸಿಟ್ಟ ಕೊಬ್ಬರಿ ನೋಡಿ ನಾನು ಯಾವತ್ತೂ ಮಾತು ಕೊಟ್ಟಿಲ್ಲ. ಮೊಳಕೈವರೆಗೂ ಕೈ ಹಾಕಿ ನಡುವಿನಿಂದ ಒಂದು ತೆಗೆದು ಒಡೆಯುತ್ತೇನೆ. ಆ ಹಾಳೆ ಚೀಲದ ಬಾಯಿಯ ಹಾಗಿತ್ತು.

"ನಾನೇ ಹೋಗಿ ನೋಡುತ್ತೇನೆ" ಎಂದೆ.

ಮಾರನೆಯ ದಿನ ಮಧ್ಯಾಹ್ನ ಮಲಗಲಿಲ್ಲ. ಊಟಕ್ಕೆ ಬಂದ ಶಶಿಕಿರಣ ಅಂಗಡಿಗೆ ವಾಪಸು ಹೋಗುವ ಮುಂಚೆ ಕಲಿಸಿಕೊಟ್ಟ. ಎಡ ಹೆಬ್ಬೆರಳು ಕಾಲು, ಬಲ ಹೆಬ್ಬೆರಳು ಕೈ. ಮೊದಲ ಕಾಲು ಗಂಟೆ ಸುಮಿತ್ರಮ್ಮ ಒಂದು ಬಂಡೆಗೆ ಮುಖ ಕೊಟ್ಟು ನಡೆಯುತ್ತಲೇ ಇದ್ದಳು. ಆಮೇಲೆ ದಾರಿ ಸಿಕ್ಕಿತು.

ಬೇರಿನ ಪಾಳೆಯ ಒಂದು ದೊಡ್ಡ ಆಲದ ಮರದೊಳಗಿದೆ. ಬಾಗಿಲಲ್ಲಿ ಹಸಿರು ಬಟ್ಟೆಯ ನಾಲ್ಕು ಜನ ನಿಂತಿದ್ದರು. ಎದುರಿಗೆ ಬಂದವರಿಗೆ ಶರಣು ಎನ್ನುವುದು ನಮ್ಮ ಮನೆತನದ ರೂಢಿ. ಚಿಕ್ಕವರಾಗಲಿ ದೊಡ್ಡವರಾಗಲಿ, ಕೈಯಲ್ಲಿ ಏನಿದ್ದರೂ ಕೆಳಗಿಟ್ಟು ಎರಡೂ ಕೈ ಜೋಡಿಸಬೇಕು. ಚೀಲ ಹಿಡಿದುಕೊಂಡು ಒಂದು ಕೈ ಎತ್ತುವುದು ನಮ್ಮಲ್ಲಿ ಇಲ್ಲ. ನಾನು ಗುಂಡಿಗಳನ್ನು ಹುಡುಕಿ ಸೌಟನ್ನು ನೆಲಕ್ಕಿಟ್ಟೆ, ಕೈ ಜೋಡಿಸಿದೆ.

ಕೂಡಲೇ ನೆಲದಿಂದ ಒಂದು ಬಳ್ಳಿ ಎದ್ದು ಸುಮಿತ್ರಮ್ಮನನ್ನು ಮರಕ್ಕೆ ಸುತ್ತಿಕೊಂಡಿತು.

ಆ ನಾಡಿನ ಒಂದು ಕಟ್ಟುಪಾಡನ್ನು ಮಗ ಹೇಳಲು ಮರೆತಿದ್ದ. ಆಯುಧ ಹಿಡಿದವರನ್ನು ಹೊಡೆದು ಸೋಲಿಸಬೇಕು. ಖಾಲಿ ಕೈಯವರನ್ನು ಸುಮ್ಮನೆ ಹಿಡಿದು ಕಟ್ಟಬಹುದು, ಅವರ ಸಾಮಾನು ಕಿತ್ತುಕೊಳ್ಳಲೂಬಹುದು.

"ಹಿರಿಯರೇ, ಹೆದರಬೇಡಿ" ಎಂದಿತು ಒಂದು ಮೆತ್ತನೆಯ ದನಿ. "ನಮ್ಮ ಪಾಳೆಯಕ್ಕೆ ಪ್ರಮಾಣ ಮಾಡಿದರೆ ಬಳ್ಳಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಜೇನುತುಪ್ಪವನ್ನೂ ಕೊಡುತ್ತೇವೆ."

"ಮೊದಲು ಜೇನುತುಪ್ಪ ಕೊಡಿ. ಪ್ರಮಾಣದ ವಿಷಯ ಆಮೇಲೆ ನೋಡೋಣ."

"ಅದು ನಮ್ಮ ಕ್ರಮವಲ್ಲ ಹಿರಿಯರೇ."

ಬಹಳ ವಿನಯದ ಜನ. ಇಪ್ಪತ್ತು ನಿಮಿಷ ಕಟ್ಟಿಹಾಕಿದ್ದರು, ಒಂದು ಕೆಟ್ಟ ಮಾತಿಲ್ಲ. ಪಕ್ಕದಲ್ಲೇ ಗಿಡಕ್ಕೆ ನೀರು ಹಾಕಿಕೊಂಡು ಓಡಾಡಿದರು. ಬಳ್ಳಿ ಒಣಗಿ ಉದುರಿದ ಮೇಲೆ ನಾನು ಬಂದೆ. ಮಠದಲ್ಲಿ ಪಂಕ್ತಿಗೆ ಕುಳಿತವನನ್ನು ಯಾರೂ ಮೊದಲು ನೀನು ಯಾರ ಕಡೆಯವನು ಎಂದು ಕೇಳಿ ಆಮೇಲೆ ಎಲೆ ಹಾಕುವುದಿಲ್ಲ. ಸಂಜೆ ಮಗನಿಗೆ ಅಷ್ಟೇ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಮ್ಮನೂ ಇದೇ ಅಪ್ಪ! ಎದುರಿಗೆ ಹುಲಿ ಬಂದ್ರೂ ಸೌಟು ಕೆಳಗಿಟ್ಟು ಶರಣು ಮಾಡೋರು. ನೂರು ಸಲ ಹೇಳಿದೀನಿ. ‘ಎದುರಿಗೆ ಬಂದೋರಿಗೆ ಶರಣು ಅನ್ನದೆ ಹೆಂಗೋ ಇರೋದು’ ಅಂತ ನನಗೇ ಬೈಯೋರು."

ಶುಕ್ರವಾರ ಕಬ್ಬಿಣದ ಪಾಳೆಯ. ಕಲ್ಲಿನ ಕೋಟೆ, ಕಂದಕ, ಬಾಗಿಲಿಗೆ ಸರಿಯಾಗಿ ಇಬ್ಬರು ಕಾವಲುಗಾರರು. ಹೀಗಾಗುತ್ತದೆಂದು ಗೊತ್ತಿದ್ದೂ ಸೌಟು ಕೆಳಗಿಟ್ಟೆ. ಎಪ್ಪತ್ತೆರಡು ವರ್ಷದ ರೂಢಿಯನ್ನು ಎರಡು ದಿನದಲ್ಲಿ ಬಿಡಲು ಬರುವುದಿಲ್ಲ. ಅಲ್ಲದೆ ಅವಳ ಕೈಗೆ ಆ ರೂಢಿ ತಪ್ಪಿಸಲು ನನಗೆ ಮನಸ್ಸೂ ಬರಲಿಲ್ಲ. ಹಿಡಿದರು. ಒಂದು ಅಂಗಳದಲ್ಲಿ ಬೆಂಚಿನ ಮೇಲೆ ಕೂರಿಸಿದರು. ಒಬ್ಬ ಬಂದು ಹೆಸರು ಕೇಳಿ ಬರೆದುಕೊಂಡ, ಹಂಡೆ ಮತ್ತು ಸೌಟು ತೆಗೆದು ಕಪಾಟಿನಲ್ಲಿಟ್ಟ. ಸರಿಯಾಗಿ ಅರ್ಧ ಗಂಟೆಯಾದ ಮೇಲೆ ಅವನೇ ಬಂದು, ಹಂಡೆಯನ್ನು ಒರೆಸಿ ವಾಪಸು ಕೊಟ್ಟು, "ಹೋಗಬಹುದು" ಎಂದ. ಹಂಡೆಯಲ್ಲಿದ್ದ ಒಂದು ಗಿಡಮೂಲಿಕೆ ಕೂಡ ಕಡಮೆಯಾಗಿರಲಿಲ್ಲ.

ನನಗೆ ಬಹಳ ಮೆಚ್ಚಿಗೆಯಾಯಿತು. ಒಂದೇ ಒಂದು ಕೊರತೆ ಕಂಡಿತು. ಅರ್ಧ ಗಂಟೆಯಲ್ಲಿ ಹತ್ತಿಪ್ಪತ್ತು ಜನ ನನ್ನ ಮುಂದೆ ಹಾದುಹೋದರು. ಎಲ್ಲರಿಗೂ ಶರಣು ಎಂದೆ. ಒಬ್ಬರೂ ಮಾತಾಡಲಿಲ್ಲ.

"ಡ್ಯೂಟಿಯಲ್ಲಿ ಮಾತಾಡೋ ಹಾಗಿಲ್ಲ ಮಾವ" ಎಂದಳು ಶಿಲ್ಪಾ ಸಂಜೆ.

"ಡ್ಯೂಟಿ ಯಾವಾಗ ಮುಗಿಯುತ್ತಮ್ಮ?"

"ಕೋಟೆ ಕಾಯೋದು ಮುಗಿಯೋ ಕೆಲಸ ಅಲ್ಲ ಮಾವ."

ಆದರೂ ಶುಕ್ರವಾರ ರಾತ್ರಿಗೆ ಕಬ್ಬಿಣ ಎಂದು ಮನಸ್ಸು ಮುಕ್ಕಾಲು ಗಟ್ಟಿಯಾಗಿತ್ತು. ಅವಳ ಹಂಡೆಯನ್ನು ಒರೆಸಿ ಕೊಟ್ಟವರು. ಶನಿವಾರ ಹದ್ದಿನ ಕಡೆ ಹೋದದ್ದು ಬರೀ ನ್ಯಾಯಕ್ಕೆ. ಮೂರು ಚೀಲ ಇಳಿಸಿದ ಮೇಲೆ ಮೂರಕ್ಕೂ ಕೈ ಹಾಕಬೇಕು.

ಶನಿವಾರ ಶಿಲ್ಪಾಗೆ ಅರ್ಧ ದಿನ. ಊಟವಾದ ಮೇಲೆ ಅವಳು ತನ್ನ ಕೋಣೆಯಲ್ಲಿ ಕಿವಿಗೆ ಹಾಕಿಕೊಂಡು ಆಡಲು ಕುಳಿತಳು. ನಾನು ನಡುಮನೆಯಲ್ಲಿ ಕುಳಿತು ಸುಮಿತ್ರಮ್ಮನನ್ನು ಗುಡ್ಡ ಹತ್ತಿಸಿದೆ.

ಹದ್ದಿನ ಪಾಳೆಯಕ್ಕೆ ಕೋಟೆ ಎನ್ನುವುದು ದೊಡ್ಡ ಮಾತು. ಮರದ ದಿಮ್ಮಿ ನಿಲ್ಲಿಸಿ ಕಟ್ಟಿದ ದೊಡ್ಡಿ. ಒಳಗಿನಿಂದ ತಮಟೆ, ಕೇಕೆ, ಕೋಳಿ ಕೂಗು. ಬಾಗಿಲು ಅರ್ಧ ತೆರೆದಿತ್ತು. ನಾನು ಸೌಟು ಕೆಳಗಿಟ್ಟು ಕೈ ಜೋಡಿಸುವಷ್ಟರಲ್ಲಿ ಗೋಡೆ ಮೇಲಿಂದ ಆರು ಜನ ಧುಮುಕಿದರು.

"ಯಾರ್ಲಾ ಇದು? ಕೈ ಖಾಲಿ ಐತೆ!"

"ಹಂಡೆ ನಂದು ಕಣ್ಲಾ, ಮೊದ್ಲು ನೋಡಿದ್ದು ನಾನು!"

"ಶಾಲು ಎಳೀಲಾ, ಶಾಲು!"

ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಹಂಡೆ ಹೋಯಿತು, ಸೌಟು ಹೋಯಿತು, ಹಳದಿ ಶಾಲೂ ಹೋಯಿತು. ಸೊಸೆ ಹೇಳಿದ್ದು ನಿಜ, ಕಳ್ಳರೇ ಎಂದುಕೊಂಡು ಟ್ಯಾಬು ಮುಚ್ಚಲು ಹೋದೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಕಿರುಚಿದ.

"ಲೇ, ನಿಲ್ರಲಾ! ತಲೆ ಮ್ಯಾಲೆ ಹೆಸ್ರು ಓದ್ರಲಾ! ಅಜ್ಜಿ ಕಣ್ರಲಾ!"

ತಮಟೆ ನಿಂತಿತು. ಯಾರೋ ಓಡಿಬಂದು ಶಾಲನ್ನು ಮತ್ತೆ ಹೊದಿಸಿದರು. ಹಂಡೆ ಬಂತು, ಸೌಟು ಬಂತು. ದೊಡ್ಡಿಯೊಳಗಿದ್ದವರೆಲ್ಲ ಬಂದು ಸುತ್ತ ನಿಂತರು.

"ಅಜ್ಜೀ, ಎಲ್ಲೋಗ್ಬಿಟ್ಟಿದ್ರಿ ಇಷ್ಟು ದಿನ?"

"ದೀಪಾವಳಿ ಮುಂಚೆ ಬಂದಿದ್ದು ಅಜ್ಜಿ ನೀವು. ದಿನಾ ಬಾಗ್ಲು ಅರ್ಧ ತೆಗ್ದೇ ಇಟ್ಟಿರ್ತೀವಿ."

"ಮಂಡಿ ಮತ್ತೆ ನೋವು ಬಂತಾ ಅಜ್ಜಿ?"

"ಮಾತಾಡಿ ಅಜ್ಜಿ. ಸಿಟ್ಟಾ? ಬೈಯ್ರಿ ಬೇಕಾದ್ರೆ."

ಮಾತಾಡುವ ಗುಂಡಿಯ ಮೇಲೆ ಬೆರಳಿಟ್ಟೆ, ತೆಗೆದೆ. ಮತ್ತೆ ಇಟ್ಟೆ.

"ನಾನು ಅವರ ಯಜಮಾನನಪ್ಪ. ದೇವೀರಪ್ಪ ಅಂತ."

"ಓ, ತಾತ! ಶರಣು ತಾತ! ಅಜ್ಜಿ ಎಲ್ಲಿ ತಾತ, ಒಳಗವ್ರಾ? ಕರೀರಿ."

ಒಂಬತ್ತು ತಿಂಗಳಲ್ಲಿ ಆ ಸುದ್ದಿಯನ್ನು ನಾನು ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ. ನಂಟರಿಗೆ ಮಗ ಹೇಳಿದ್ದ, ಮಠಕ್ಕೆ ಯಾರೋ ಹೇಳಿದ್ದರು, ಮಾರ್ಕೆಟ್ಟಿಗೆ ತಾನಾಗಿ ಗೊತ್ತಾಗಿತ್ತು. ಎಲ್ಲರೂ ತಿಳಿದುಕೊಂಡೇ ಬಂದು ನನ್ನ ಮುಂದೆ ಕುಳಿತಿದ್ದರು. ಗೊತ್ತಿಲ್ಲದವರಿಗೆ ಹೇಳಬೇಕಾದದ್ದು ಅದೇ ಮೊದಲು.

"ಕಾರ್ತಿಕದಲ್ಲಿ ಲಿಂಗೈಕ್ಯಳಾದಳಪ್ಪ."

ಮೊದಲು ಕಿರುಚಿದವನು ತನ್ನ ಕತ್ತಿಯನ್ನು ನೆಲಕ್ಕಿಟ್ಟ. ಅವನ ಪಕ್ಕದವನು ಕೊಡಲಿ ಇಟ್ಟ. ಬಿಲ್ಲು, ಈಟಿ, ಬಡಿಗೆ ಒಂದಾದ ಮೇಲೊಂದು ಕೆಳಗಿಳಿದವು. ಹತ್ತೊಂಬತ್ತು ಜನ ನನ್ನ ಹೆಂಡತಿಯ ಸುತ್ತ ಖಾಲಿ ಕೈ ಜೋಡಿಸಿಕೊಂಡು ನಿಂತರು.

ಆಗ ಪಕ್ಕದ ಕೋಣೆಯಿಂದ ನನ್ನ ಸೊಸೆಯ ದನಿ ಕೇಳಿಸಿತು.

"ಬನ್ನಿ, ಬನ್ನಿ! ಬಾಗಿಲು ತೆಗೆದಿದೆ! ಅಯ್ಯೋ ಶಿವನೇ, ಎಲ್ಲಾ ಖಾಲಿ ಕೈ! ಹಿಡೀರಿ!"

"ಶಿಲ್ಪಾ!" ಎಂದು ಕೂಗಿದೆ.

"ಒಂದೇ ನಿಮಿಷ ಮಾವ, ಕೋಟೆ ಸಿಕ್ತಾ ಇದೆ!"

ಸಿಕ್ಕಿತು. ಕಬ್ಬಿಣದ ಅರವತ್ತು ಜನ ನುಗ್ಗಿ, ಒಂದು ಏಟೂ ಹೊಡೆಯದೆ, ಹತ್ತೊಂಬತ್ತು ಹದ್ದುಗಳನ್ನೂ ಸುಮಿತ್ರಮ್ಮನನ್ನೂ ಹಿಡಿದು ಸಾಲಾಗಿ ಕೂರಿಸಿದರು. ದಿಮ್ಮಿಯ ಮೇಲೆ ಕಬ್ಬಿಣದ ಬಾವುಟ ಏರಿತು. ಸಾಲಿನಲ್ಲಿ ನನ್ನ ಪಕ್ಕ ಕುಳಿತವನು ಮೆಲ್ಲಗೆ, "ತಾತ, ನಿಮ್ಮ ಫೋನ್ ನಂಬರ್ ಕೊಡ್ತೀರಾ?" ಎಂದು ಕೇಳಿದ. ಕೊಟ್ಟೆ.

ಶಿಲ್ಪಾ ಕುಣಿಯುತ್ತಾ ಹೊರಗೆ ಬಂದಳು. "ಮಾವ, ಎರಡು ವರ್ಷದಿಂದ ಆಗದ ಕೋಟೆ! ಅವರ ಹತ್ರ ಇದ್ದದ್ದು ಅದೊಂದೇ. ಅದೇನು ಹುಚ್ಚೋ, ಹತ್ತೊಂಬತ್ತು ಜನಾನೂ ಆಯುಧ ಕೆಳಗಿಟ್ಟು..." ನನ್ನ ಮುಖ ನೋಡಿದಳು, ಟ್ಯಾಬು ನೋಡಿದಳು.

ಹೇಳಿದೆ. ಅವಳು ಕೋಣೆಗೆ ಹಿಂದಿರುಗಿ ತನ್ನ ಪಾಳೆಯದ ಹಿರಿಯರೊಡನೆ ಮಾತಾಡಿದಳು. ಆ ಕೋಟೆಯನ್ನು ವಾಪಸು ಕೊಡಬೇಕು, ಅದು ಗೆದ್ದದ್ದಲ್ಲ ಎಂದಳು. ದನಿ ಏರಿತು, ಇಳಿಯಿತು. ಹೊರಗೆ ಬಂದು, "ಗೆದ್ದ ಕೋಟೆ ವಾಪಸು ಕೊಡೋದಕ್ಕೆ ನಿಯಮ ಇಲ್ಲವಂತೆ ಮಾವ" ಎಂದಳು. ನಿಯಮ ಎನ್ನುವಾಗ ಮುಖ ಕಹಿ ಮಾಡಿಕೊಂಡಳು.

ಭಾನುವಾರ ಲಿಂಗಪೂಜೆ ಮುಗಿಸಿ ಏಳುವಾಗ ಬಾಗಿಲಲ್ಲಿ ಮೋಟಾರುಸೈಕಲ್ಲು ನಿಂತಿತು. ಮೂವತ್ತರ ಆಸುಪಾಸಿನ, ಹುರಿಗಟ್ಟಿದ ಮೈಯ ಹುಡುಗ, ಕೈಯಲ್ಲಿ ಒಂದು ಡಬ್ಬಿ. ಡಬ್ಬಿಯನ್ನು ಜಗುಲಿಯ ಮೇಲಿಟ್ಟು ಎರಡೂ ಕೈ ಜೋಡಿಸಿದ.

"ನಾನು ಹೇಮಂತ, ತಾತ. ಹಗರೆಯೋನು. ಅಲ್ಲಿ ಹಾಲಿನ ಡೈರಿ ನೋಡ್ಕೋತೀನಿ. ನಿನ್ನೆ ಪಕ್ಕದಲ್ಲಿ ಕೂತಿದ್ನಲ್ಲ. ಇದು ಬೆಣ್ಣೆ."

ಬೆಳಗ್ಗೆ ಹಾಲು ಅಳೆದ ಮೇಲೆ ಹಗರೆಯಿಂದ ಹೊರಟು, ಹಳೇಬೀಡು, ಜಾವಗಲ್ ದಾಟಿಕೊಂಡು ಬಂದಿದ್ದನಂತೆ. ಒಳಗೆ ಕೂರಿಸಿದೆ. ಶಿಲ್ಪಾ ಉಪ್ಪಿಟ್ಟು ತಂದು ಅವನ ಮುಂದಿಟ್ಟು ಅಲ್ಲೇ ನಿಂತಳು.

"ನಿಮ್ಮನ್ನ ಹಿಡಿದವಳು ನಾನೇ" ಎಂದಳು.

"ದನಿ ಕೇಳ್ದೇಟ್ಗೇ ಗೊತ್ತಾಯ್ತು ಬಿಡಿ ಮೇಡಂ. ಕುತ್ತಿಗೆ ಮ್ಯಾಲೆ ಕಾಲಿಟ್ಟಿದ್ರಿ."

"ಅಭ್ಯಾಸ" ಎಂದ ಶಶಿಕಿರಣ ಒಳಗಿನಿಂದ. ಶಿಲ್ಪಾ ಅವನ ಕಡೆ ನೋಡಿದ ರೀತಿಗೆ ಹೇಮಂತ ಉಪ್ಪಿಟ್ಟಿನ ಕಡೆ ತಿರುಗಿಕೊಂಡ.

"ಅವಳು ನಿಮಗೆ ಹೇಗೆ ಗೊತ್ತಪ್ಪ?" ಎಂದೆ.

"ಗೊತ್ತಾ ಅಂತ ಕೇಳ್ತೀರಲ್ಲ ತಾತ! ಮೊದ್ಲು ಸಲ ಬಾಗ್ಲಿಗೆ ಬಂದು ಸೌಟು ಇಟ್ಟು ಶರಣು ಅಂದ್ರು. ಹಿಡ್ಕೊಂಡ್ವಿ. ಒಳಗೆ ಕೂರ್ಸಿದ್ರೆ ಸುತ್ತ ನೋಡಿ, ‘ಏನ್ರೋ, ಒಂದು ಒಲೆ ಇಲ್ಲ ಏನಿಲ್ಲ, ನೀವೇನು ತಿಂತೀರ’ ಅಂದ್ರು. ಕದ್ದಿದ್ದು ತಿಂತೀವಿ ಅಂದ್ವಿ. ಅವತ್ತೇ ಹಂಡೆ ಇಟ್ರು. ಆಮೇಲೆ ವಾರಕ್ಕೆ ಮೂರು ಸಲ, ನಾಕು ಸಲ ಬೇಕಂತ್ಲೇ ಬಂದು ಸೆರೆ ಸಿಕ್ಕೋರು. ಬೇಲೂರಲ್ಲಿ ನಮ್ಮ ಮರಿಯಣ್ಣ ಅಂತ, ಆಟೋ ಓಡಿಸ್ತಾನೆ. ಊಟ ಬಿಟ್ಟು ಆಡೋಕೆ ಕೂತಿರೋನು. ಅಜ್ಜಿ ಬಂದೇಟ್ಗೆ ‘ಮರಿಯಣ್ಣ, ನಿಜವಾಗ್ಲೂ ಉಂಡಿದ್ದೀಯಾ?’ ಅನ್ನೋರು. ಇಲ್ಲ ಅಂದ್ರೆ ‘ಏಳು, ಉಂಡು ಬಾ, ಅಲ್ಲೀವರೆಗೂ ಯಾರೂ ಕತ್ತಿ ಮುಟ್ಟಂಗಿಲ್ಲ’ ಅಂತ ಯುದ್ಧ ನಿಲ್ಸೋರು."

ಶಿಲ್ಪಾ ಗೋಡೆಗೆ ಒರಗಿಕೊಂಡಳು. "ಅತ್ತೆಗೆ ಆಡೋಕೆ ಬರಲ್ಲ ಅಂದುಕೊಂಡಿದ್ದೆ" ಎಂದಳು.

ಹೇಮಂತ ತಟ್ಟೆ ಕೆಳಗಿಟ್ಟ. "ಇವತ್ತು ಐದು ಗಂಟೆಗೆ ಪ್ರಮಾಣ ಅಲ್ವಾ ತಾತ. ಅದಕ್ಕೇ ಬಂದೆ. ನಮ್ಮ ಕಡೆ ಸೇರಿಸ್ಬ್ಯಾಡಿ."

"ಯಾಕಪ್ಪ?" ಎಂದೆ.

"ನಮ್ಗೆ ಈಗ ಕೋಟೆ ಇಲ್ಲ. ಕೋಟೆ ಇಲ್ಲದ ಪಾಳೆಯಕ್ಕೆ ಸೇರಿದೋರಿಗೆ ಸಾಮಾನೆಲ್ಲ ಹೋಗ್ತದೆ. ಹಂಡೆ, ಸೌಟು, ಶಾಲು, ಏನೂ ಉಳಿಯಲ್ಲ. ಬಯಲಲ್ಲಿ ನಿಲ್ಬೇಕು. ಇನ್ನೊಂದು, ಹೊಸ ಕಟ್ಟುಪಾಡಲ್ಲಿ ಮೂವತ್ತು ದಿನಕ್ಕೊಂದು ಸಲನಾದ್ರೂ ಬರದೋರನ್ನ ಅಳಿಸ್ತಾರೆ. ಬಯಲಲ್ಲಿ ಯಾರು ನೋಡ್ಕೋತಾರೆ? ಮೇಡಂ ಕಡೆ ಸೇರ್ಸಿ, ಅವರೇ ದಿನಾ ಕರ್ಕೊಂಡು ಬರ್ತಾರೆ. ಅವರು ಕಳ್ಳತನ ಮಾಡಲ್ಲ, ಹಂಡೆ ಹಂಗೇ ಇರ್ತದೆ. ಎಲ್ರತ್ರನೂ ಮಾತಾಡ್ಕೊಂಡೇ ಬಂದಿದೀನಿ. ಹಳೇಬೀಡಲ್ಲಿ ಎಳನೀರು ಮಾರೋ ಚನ್ನೇಶ ಒಬ್ಬ ಅತ್ತ. ಆಮೇಲೆ ಅವನೂ ಸರಿ ಅಂದ."

"ನೋಡಿ ಅಪ್ಪ" ಎಂದ ಶಶಿಕಿರಣ, "ಹದ್ದಿನವರೇ ಹೇಳ್ತಿದ್ದಾರೆ."

ಹೇಮಂತ ಊಟಕ್ಕೂ ನಿಲ್ಲಲಿಲ್ಲ. ಸಂಜೆಯ ಹಾಲಿನ ಹೊತ್ತಿಗೆ ಹಗರೆ ಸೇರಬೇಕಿತ್ತು.

ನಾಲ್ಕೂಮುಕ್ಕಾಲಿಗೆ ಮೂವರೂ ಟ್ಯಾಬಿನ ಮುಂದೆ ಕುಳಿತೆವು. ಸುಮಿತ್ರಮ್ಮ ಹಂಡೆಯ ಪಕ್ಕದಲ್ಲಿ ನಿಂತು ಉಸಿರಾಡುತ್ತಿದ್ದಳು. ಕೆಳಗೆ ಮೂರು ಬಾವುಟ. ನಾನು ಆ ಹಂಡೆಯನ್ನು ನೋಡಿದೆ. ಮೂರು ವರ್ಷ ಅವಳ ಕೈ ಆಡಿದ ಹಂಡೆ. ಒಂದು ಬಾವುಟ ಮುಟ್ಟಿದರೆ ಅದು ಉಳಿಯುತ್ತದೆ, ಇನ್ನೊಂದು ಮುಟ್ಟಿದರೆ ಹೋಗುತ್ತದೆ.

"ಕಬ್ಬಿಣಕ್ಕೆ ಒತ್ತಲಾ ಮಾವ?" ಎಂದಳು ಶಿಲ್ಪಾ.

"ಹದ್ದಿಗೆ ಒತ್ತಮ್ಮ."

"ಅಪ್ಪಾ! ಕಳ್ಳರು ಅವರು. ನಿಮ್ಮ ಶಾಲನ್ನೇ ಕಿತ್ತುಕೊಂಡವರು!"

"ಕಿತ್ತುಕೊಂಡರು, ನಿಜ. ಮೂರು ಕಡೆಯೂ ಇವಳನ್ನು ಕರೆದುಕೊಂಡು ಹೋಗಿದ್ದೇನಲ್ಲಪ್ಪ. ಒಂಬತ್ತು ತಿಂಗಳು ಕಾಣದೆ ಹೋದವಳು. ಎಲ್ಲಿ ಹೋಗಿದ್ದಿರಿ ಇಷ್ಟು ದಿನ ಅಂತ ಕೇಳಿದವರು ಇವರೊಬ್ಬರೇ."

ಶಶಿಕಿರಣನೂ ಶಿಲ್ಪಾಳೂ ಉಳಿದೆರಡು ಪಾಳೆಯಗಳಲ್ಲಿ ದಿನಾ ಇದ್ದವರು, ಅಲ್ಲಿ ಒಬ್ಬರೂ ಕೇಳಿರಲಿಲ್ಲ.

"ಹಂಡೆ ಹೋಗುತ್ತೆ ಮಾವ" ಎಂದಳು ಶಿಲ್ಪಾ ಮೆಲ್ಲಗೆ.

"ಹೋಗಲಿ. ಹಂಡೆ ಕಾಯುವುದಕ್ಕೆ ಅವಳು ಅಲ್ಲಿಗೆ ಹೋಗುತ್ತಿರಲಿಲ್ಲ."

ಒತ್ತಿದಳು. ಖಚಿತವೇ ಎಂದು ಅದು ಎರಡು ಸಲ ಕೇಳಿತು. ಎರಡು ಸಲವೂ ನಾನೇ ಒತ್ತಿದೆ. ಹಂಡೆ ಮಾಯವಾಯಿತು. ಸೌಟು, ಶಾಲು ಹೋದವು. ಬಯಲಿನಲ್ಲಿ ಹಣೆಯ ವಿಭೂತಿಯೊಂದನ್ನು ಉಳಿಸಿಕೊಂಡು ಸುಮಿತ್ರಮ್ಮ ನಿಂತಿದ್ದಳು. ಹೆಸರು ಹಾಗೆಯೇ ಇತ್ತು. ಅದರ ಪಕ್ಕಕ್ಕೆ ಒಂದು ಸಣ್ಣ ಹದ್ದು ಬಂದು ಕುಳಿತಿತ್ತು.

"ಇನ್ನು ಮೇಲೆ ಅಮ್ಮ ನಮ್ಮಿಬ್ಬರಿಗೂ ಶತ್ರು" ಎಂದ ಶಶಿಕಿರಣ.

"ಹುಷಾರಾಗಿರು ಮತ್ತೆ" ಎಂದೆ.

ಸೋಮವಾರ ಮಧ್ಯಾಹ್ನ ಎರಡೂವರೆಗೆ ಹೋದಾಗ ಬಯಲಲ್ಲಿ ಹತ್ತೊಂಬತ್ತು ಜನವೂ ಇದ್ದರು. ಹೇಮಂತ, "ಏನ್ ತಾತ ಇದು, ಹೇಳಿದ್ ಮಾತು ಕೇಳಲ್ವಲ್ಲ" ಎಂದು ಬೈದ. ಚನ್ನೇಶ ಎಲ್ಲಿಂದಲೋ ಒಂದು ಪಾತ್ರೆ ತಂದಿದ್ದ. ಎಲ್ಲಿಂದ ಎಂದು ನಾನು ಕೇಳಲಿಲ್ಲ. ಶಿಲ್ಪಾ ಸಂಜೆ ತಮ್ಮ ಕೋಟೆಯ ಅಂಗಳದ ಕಪಾಟಿನಿಂದ ಒಂದು ಪಾತ್ರೆ ಕಾಣೆಯಾಗಿದೆ ಎಂದಳು.

ನಾನು ಜೀವಮಾನದಲ್ಲಿ ಒಲೆ ಹಚ್ಚಿದವನಲ್ಲ. ಎಡ ಹೆಬ್ಬೆರಳಿನಲ್ಲಿ ಸೌದೆ ಹುಡುಕು ಎಂದು ಒಬ್ಬ, ಬಲಗೈಯಲ್ಲಿ ಊದು ಎಂದು ಒಬ್ಬ, ಮೊದಲು ನೀರು ಹಾಕಿ ತಾತ ಎಂದು ಇನ್ನೊಬ್ಬ, ನೀರು ಆಮೇಲೆ ಕಣ್ಲಾ ಎಂದು ಅವನಿಗೆ ಮರಿಯಣ್ಣ. ಹೊಗೆ ಬಂತು. ಪಾತ್ರೆಯಲ್ಲಿದ್ದದ್ದು ಹಸಿರಾಗಿತ್ತು, ಆಮೇಲೆ ಕಪ್ಪಾಯಿತು. ಸೀದಿದೆ ಎಂದು ಆಟವೇ ಕೆಂಪು ಅಕ್ಷರದಲ್ಲಿ ಬರೆಯಿತು. ಆದರೂ ಸಾಲಾಗಿ ಕುಳಿತರು. ಬಡಿಸಿದೆ. ತಿಂದರು. ಯಾರೂ ಏಳಲಿಲ್ಲ.

"ಇನ್ನೇನಪ್ಪ?" ಎಂದೆ.

"ಏನಿಲ್ಲ ತಾತ" ಎಂದ ಹೇಮಂತ. "ಬಡಿಸಿದ ಮ್ಯಾಲೆ ಅಜ್ಜಿ ಉಪ್ಪು ಸಾಕಾ ಅಂತ ಕೇಳೋರು. ಇಲ್ಲಿ ಉಪ್ಪೂ ಇಲ್ಲ, ಖಾರನೂ ಇಲ್ಲ. ಆದ್ರೂ ಕೇಳೋರು. ಕೇಳಿದ ಮ್ಯಾಲೇನೇ ನಾವು ಏಳೋದು."

ಗುಂಡಿ ಒತ್ತಿ ಕೇಳಿದೆ.

"ಉಪ್ಪು ಸಾಕೇನ್ರಪ್ಪ?"

"ಸಾಕು ತಾತ" ಎಂದರು ಎಲ್ಲರೂ ಒಟ್ಟಿಗೆ. ಮರಿಯಣ್ಣ ಒಬ್ಬ ಮಾತ್ರ, ಸ್ವಲ್ಪ ಜಾಸ್ತಿಯಾಯಿತು, ನಾಳೆ ನೋಡಿ ಹಾಕಿ ಎಂದ.